ಪೂಜೆಗೆಂದು ಒಯ್ದ ಬಂದೂಕು

ಹಾನಗಲ್‌ನ ನಮ್ಮ ಅಂಗಡಿಗೆ ಬಂದವರು ಮೊಳೆ ಕೇಳುತ್ತಾರೆ, ಬಾಗಿಲ ಚಿಲಕ ಕೇಳುತ್ತಾರೆ, ಪಂಪಿನ ವಾಷರು, ಬೇಲಿಯ ತಂತಿ, ಬಣ್ಣದ ಡಬ್ಬಿ ಕೇಳುತ್ತಾರೆ. ನಡುವೆ ಒಬ್ಬ ರೈತ ಬರುತ್ತಾನೆ. ಏನೂ ಕೇಳುವುದಿಲ್ಲ. ಉಳಿದ ಗಿರಾಕಿಗಳು ಹೋಗುವವರೆಗೆ ಹಗ್ಗದ ಸುರುಳಿಯ ಮೇಲೆ ಕೈಯಾಡಿಸುತ್ತ ನಿಂತು, ಆಮೇಲೆ ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕ ತೆಗೆಯುತ್ತಾನೆ. ಅವನು ಬಂದದ್ದು ಕಾಡತೂಸಿಗೆ ಎಂದು ಆಗ ತಿಳಿಯಬೇಕು. ಲೈಸನ್ಸ್ ಇಟ್ಟುಕೊಂಡು ರಾಜಾರೋಷವಾಗಿ ಕೇಳಬಹುದಾದದ್ದನ್ನು ನಮ್ಮ ಕಡೆಯ ಗಂಡಸರು ಔಷಧಿ ಅಂಗಡಿಯಲ್ಲಿ ಗುಟ್ಟಿನ ಔಷಧಿ ಕೇಳಿದ ಹಾಗೆ ಕೇಳುತ್ತಾರೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಂದೂಕೇ ಎಂದು ದೂರದವರು ಹುಬ್ಬೇರಿಸುತ್ತಾರೆ. ಈ ಸೀಮೆಯಲ್ಲಿ ಗೋವಿನಜೋಳ ತೆನೆಗಟ್ಟಿತೆಂದರೆ ಹಂದಿ, ಮಂಗಗಳ ಕಾಟ ಶುರುವಾಗುತ್ತದೆ. ಬೆಳೆ ಕಾಯಲೆಂದು ಹಳೆಯ ಮನೆತನಗಳಿಗೆ ಬಂದೂಕಿನ ಲೈಸನ್ಸ್ ಇದೆ. ನೇಗಿಲ ಕುಳ ಮಾರುವವನೇ ಮದ್ದುಗುಂಡನ್ನೂ ಮಾರುವುದು ಮೊದಲಿನಿಂದ ನಡೆದು ಬಂದದ್ದು. ಮಾವನವರ ಪರವಾನಗಿ ನನ್ನ ಗಂಡನಿಗೆ ಬಂತು, ಅವರು ತೀರಿದ ಮೇಲೆ ಓಡಾಡಿ ಓಡಾಡಿ ನನ್ನ ಹೆಸರಿಗಾಯಿತು. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲೂ ನಮ್ಮಂಥ ಒಂದೊಂದು ಅಂಗಡಿ ಇದೆ. ಒಬ್ಬರ ರಬ್ಬರ್ ಸಿಕ್ಕಾ ಇನ್ನೊಬ್ಬರಿಗೆ ಗುರುತು, ಒಬ್ಬರ ಮಾತು ಇನ್ನೊಬ್ಬರಿಗೆ ನಂಬಿಕೆ.

ಕೆಲಸದ ರೀತಿ ಇಷ್ಟೆ. ಲೈಸನ್ಸಿನ ಪುಸ್ತಕದಲ್ಲಿರುವ ಫೋಟೋ ಮತ್ತು ಎದುರಿಗೆ ನಿಂತವನ ಮುಖ ನೋಡಬೇಕು. ಬಂದೂಕಿನ ನಂಬರು, ಲೈಸನ್ಸಿನ ಅವಧಿ, ವರ್ಷಕ್ಕೆ ಎಷ್ಟು ಕಾಡತೂಸು ಎಂಬ ಮಿತಿ ನೋಡಬೇಕು. ಹಿಂದೆ ಒಯ್ದ ಕಾಡತೂಸಿನ ಖಾಲಿ ಕೊಳವೆಗಳನ್ನು ವಾಪಸು ಪಡೆದು, ಕೊಟ್ಟದ್ದನ್ನು ನಮ್ಮ ವಹಿಯಲ್ಲೂ ಅವರ ಪುಸ್ತಕದಲ್ಲೂ ಬರೆದು ಸಿಕ್ಕಾ ಒತ್ತಬೇಕು. ಮಂಗ, ಹಕ್ಕಿ ಬೆದರಿಸುವವರು ಸಣ್ಣ ಗುಂಡಿನ ನಾಲ್ಕು ನಂಬರಿನದನ್ನು ಒಯ್ಯುತ್ತಾರೆ. ಎಲ್‌ಜಿ ಎಂಬುದು ಬೇರೆ. ಅದರೊಳಗೆ ದಪ್ಪ ಗುಂಡುಗಳು ಕೆಲವೇ ಇರುತ್ತವೆ, ಹತ್ತಿರದಿಂದ ಹೊಡೆದರೆ ದೊಡ್ಡ ಹಂದಿಯೂ ಏಳುವುದಿಲ್ಲ. ಎಲ್‌ಜಿ ಕೇಳಿದವನನ್ನು ನಾನು ಕೂರಿಸಿ, ಅರಣ್ಯ ಇಲಾಖೆಯ ಕಾಗದ ಕೇಳಿ, ಮನೆ ಮಂದಿಯ ಕ್ಷೇಮ ವಿಚಾರಿಸಿ, ಸಾಕುಸಾಕು ಮಾಡುತ್ತೇನೆ. ಅರ್ಧ ಜನ ನನ್ನ ಮಾತಿಗೇ ಬೇಸತ್ತು ಎದ್ದು ಹೋಗುತ್ತಾರೆ.

ಇಷ್ಟೆಲ್ಲ ಬಲ್ಲ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ಚುನಾವಣೆ ಬಂದಾಗ ಎಲ್ಲರ ಬಂದೂಕುಗಳನ್ನೂ ಜಮಾ ಮಾಡಿಸುತ್ತಾರೆ. ಕೆಲವರು ಪೊಲೀಸ್ ಠಾಣೆಯಲ್ಲಿ ಇಡುತ್ತಾರೆ, ಕೆಲವರು ನಮ್ಮಲ್ಲಿ. ಹಿಂದಿನ ಕೋಣೆಯ ಕಬ್ಬಿಣದ ಬಾಗಿಲ ಆಚೆ ಅವುಗಳನ್ನು ಚೀಟಿ ಕಟ್ಟಿ ಸಾಲಾಗಿ ನಿಲ್ಲಿಸುತ್ತೇವೆ. ಆ ಸಲ ಚುನಾವಣೆ ಮುಗಿದು ಎಲ್ಲರೂ ತಮ್ಮ ತಮ್ಮದನ್ನು ಒಯ್ದರೂ ಒಂದು ಉಳಿಯಿತು. ಹಾನಗಲ್ ತಾಲ್ಲೂಕಿನದೇ ಒಂದು ಹಳ್ಳಿಯ ಹಿರಿಯ ರೈತರದು. ಒಂಟಿ ನಳಿಗೆಯ, ನಡುವೆ ಮಡಚಿ ಹಿಂದಿನಿಂದ ಕಾಡತೂಸು ತುಂಬುವ ಬಂದೂಕು. ಹಿಡಿಕೆಯ ಕಟ್ಟಿಗೆ ಕೈ ತಾಗಿ ತಾಗಿ ನುಣುಪಾಗಿತ್ತು. ಕಾಲು ನೋವು, ಆಮೇಲೆ ಒಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದರು. ಶ್ರಾವಣದಲ್ಲಿ ಅವರೇ ಹೋಗಿಬಿಟ್ಟರು.

ಲೈಸನ್ಸ್ ಇದ್ದವರು ತೀರಿದರೆ ಪುಸ್ತಕವನ್ನು ಹಾವೇರಿಯ ಜಿಲ್ಲಾಧಿಕಾರಿ ಕಚೇರಿಗೆ ಒಪ್ಪಿಸಬೇಕು. ವಾರಸುದಾರರಿಗೆ ಬಂದೂಕು ಬೇಕಿದ್ದರೆ ಮರಣ ಪತ್ರದ ಜೊತೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಹಚ್ಚಿ ಹೊಸದಾಗಿ ಅರ್ಜಿ ಹಾಕಬೇಕು. ಅವರ ಮಗ ಆ ಪುಸ್ತಕ ತಂದುಕೊಟ್ಟಾಗ ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. ನಲವತ್ತರ ಆಸುಪಾಸಿನ, ಹಣೆ ತುಂಬ ವಿಭೂತಿ ಹಚ್ಚಿದ, ತಗ್ಗಿದ ದನಿಯ ಮನುಷ್ಯ. ಅವನಿಗೊಬ್ಬ ತಂಗಿ ಇದ್ದಾಳೆ, ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿಗೆ ಕೊಟ್ಟಿದ್ದಾರೆ ಎಂಬುದು ಆಗಲೇ ನನಗೆ ತಿಳಿದದ್ದು. ಆಕೆಯ ಒಪ್ಪಿಗೆ ಪತ್ರ ತರುವಂತೆ ಹೇಳಿದರೆ ಅವನು ಚಿಲಕಗಳ ಕಡೆ ನೋಡುತ್ತ ಅಂದ:

“ಆಕಿ ಯಾವುದಕ್ಕೂ ಸಹಿ ಮಾಡೂದಿಲ್ರಿ ಅಕ್ಕಾರ. ಹೊಲದಾಗ ಪಾಲು ಬೇಕಂತ ಕುಂತಾಳ.”

ಹೊಲವನ್ನು ಅಪ್ಪನ ಹೆಸರಿನಿಂದ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ತಂಗಿ ಹಕ್ಕು ಬಿಟ್ಟುಕೊಡಬೇಕು, ಆಕೆ ಬಿಡುತ್ತಿಲ್ಲ. ಇಂಥ ಜಗಳ ಈಗ ಮನೆಮನೆಯಲ್ಲೂ ಇದೆ. ಮನಸ್ಸಿನಲ್ಲೇ ಆ ತಂಗಿಗೆ ಭಲೇ ಎಂದೆ. ಪುಸ್ತಕವನ್ನು ಹಾವೇರಿಗೆ ಒಪ್ಪಿಸುವುದನ್ನು ಇಂದು ನಾಳೆ ಎಂದು ಮುಂದೂಡಿದೆ. ನಮ್ಮಲ್ಲಿ ಸತ್ತವರ ಹೆಸರು ಬೇಗ ಅಳಿಯುವುದಿಲ್ಲ. ಪಹಣಿ, ಕರೆಂಟಿನ ಮೀಟರು, ನಳದ ಚೀಟಿ ಎಲ್ಲ ಹತ್ತಾರು ವರ್ಷ ಅವರ ಹೆಸರಿನಲ್ಲೇ ಇರುತ್ತವೆ. ಬಂದೂಕಿನ ಪುಸ್ತಕವೂ ಹಾಗೆಯೇ ನನ್ನ ಡ್ರಾಯರಿನಲ್ಲಿ ಬಿದ್ದುಕೊಂಡಿತ್ತು.

ಮಹಾನವಮಿಯ ಹಿಂದಿನ ದಿನ ಮಧ್ಯಾಹ್ನ ಅವನು ಮತ್ತೆ ಬಂದ. ಅಂಗಡಿಯಲ್ಲಿ ಗದ್ದಲ. ಟ್ರ್ಯಾಕ್ಟರಿಗೆ ಹೊಡೆಯಲು ಬಣ್ಣ, ತುಕ್ಕು ತಿಕ್ಕಲು ಪಾಲೀಶ್ ಕಾಗದ, ಎಲ್ಲರಿಗೂ ಅವಸರ. ಅವನು ಒಂದು ಬದಿಗೆ ನಿಂತು ಕಾಯ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೈಮುಗಿದ.

“ನಾಳೆ ಖಂಡೇಪೂಜಿ ಅಕ್ಕಾರ. ಅಪ್ಪ ಇದ್ದಾಗ ಬಂದೂಕ ಇಡದ ಒಂದು ವರ್ಷಾನೂ ಪೂಜಿ ಆಗಿಲ್ಲ. ಈಗ ಅಪ್ಪನೂ ಇಲ್ಲ, ಬಂದೂಕೂ ಇಲ್ಲಂದ್ರ ಜಗಲಿ ಬಣಬಣ ಅಂತೈತಿ. ಒಂದ ದಿನದ ಮಟ್ಟಿಗೆ ಕೊಡ್ರಿ. ಬನ್ನಿ ದಿನ ಸಂಜಿಕ ತಂದು ನಿಮ್ಮ ಕೈಯಾಗ ಇಡ್ತೇನಿ.”

ಆಗುವುದಿಲ್ಲ ಎನ್ನಬೇಕಿತ್ತು. ಅದೊಂದೇ ಮಾತು ಸಾಕಿತ್ತು. ಆದರೆ ನಾನೂ ಅದೇ ಹೊತ್ತಿಗೆ ನಮ್ಮ ತಕ್ಕಡಿ, ಕೊಡತಿ, ಪೈಪು ಕೊಯ್ಯುವ ಮಿಷನ್ನು ಎಲ್ಲವನ್ನೂ ಮರುದಿನದ ಆಯುಧಪೂಜೆಗೆ ಒರೆಸಿ ಇಡಿಸುತ್ತಿದ್ದೆ. ಅಪ್ಪ ಹೋದ ಮೊದಲ ವರ್ಷದ ಹಬ್ಬ ಎಂದರೆ ಹೇಗಿರುತ್ತದೆಂದು ನನಗೆ ಗೊತ್ತು. ಕಾಡತೂಸು ಕೊಡುತ್ತಿಲ್ಲವಲ್ಲ, ಬರಿ ಬಂದೂಕು ತಾನೆ ಎಂದುಕೊಂಡೆ. ಒಳಗೆ ಹೋಗಿ ಬಂದೂಕು ತಂದೆ. ಜಾಣತನ ಬೇರೆ ಮಾಡಿದೆ. ನಳಿಗೆಯ ಕೆಳಗೆ ಕೂರುವ ಒಂದು ಕಟ್ಟಿಗೆಯ ತುಂಡು ಇರುತ್ತದೆ, ಅದನ್ನು ತೆಗೆದರೆ ಬಂದೂಕು ಬಳಕೆಗೆ ಬರುವುದಿಲ್ಲ. ಅದನ್ನು ಕಳಚಿ ಡ್ರಾಯರಿಗೆ ಹಾಕಿದೆ. ಅವನು ಬಂದೂಕನ್ನು ತಿರುಗಿಸಿ ನೋಡಿ, ಮೆಲ್ಲಗೆ, ಭಿನ್ನವಾದದ್ದು ಪೂಜೆಗೆ ಬರುವುದಿಲ್ಲವಲ್ಲ ಎಂದ.

ನಿಜವೇ. ಚೂರು ಮುಕ್ಕಾದ ಬಟ್ಟಲನ್ನು ನಾನು ಜಗಲಿಗೆ ಇಡುವವಳಲ್ಲ, ಸೀಳಿದ ತೆಂಗಿನಕಾಯಿ ಏರಿಸುವವಳಲ್ಲ. ಕೈಯೇ ತಾನಾಗಿ ಡ್ರಾಯರು ಎಳೆದು ಆ ತುಂಡನ್ನು ತೆಗೆದು ಜಾಗಕ್ಕೆ ಕೂರಿಸಿತು. ಟಕ್ ಎಂದು ಸದ್ದಾಯಿತು. ಮೇಲಿಂದ ಇನ್ನೊಂದು ಜಾಣತನ. ಹಬ್ಬದ ದಿನಗಳು, ಹಾದಿಯಲ್ಲಿ ಪೊಲೀಸರು ತಡೆದರೆ ಕಾಗದವಿಲ್ಲದೆ ಬಂದೂಕು ಹಿಡಿದವನನ್ನು ಒಳಗೆ ಹಾಕುತ್ತಾರೆ ಎಂದು ಅವನ ಅಪ್ಪನ ಪುಸ್ತಕವನ್ನೂ ಜೊತೆಗೆ ಕೊಟ್ಟೆ.

ನಮ್ಮ ಅಂಗಡಿಯಲ್ಲಿ ಮಾವನವರ ಕಾಲದಿಂದ ಇರುವ ಹಿರಿಯ ಕೆಲಸಗಾರರಿದ್ದಾರೆ. ಬಣ್ಣದ ಡಬ್ಬಿ ಜೋಡಿಸುತ್ತಲೇ, ವಹಿಯಲ್ಲಿ ಬರೆದಿರೇನು ಎಂದು ಕೇಳಿದರು. ವಹಿಯಲ್ಲಿ ಬರೆದರೆ ತಪ್ಪು ಬರಹದಲ್ಲಿ ಉಳಿಯುತ್ತದೆ. ಹಾಗಾಗಿ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಬನ್ನಿಯ ದಿನ, ವಿಜಯದಶಮಿಯ ಸಂಜೆ, ಓಣಿಯವರೆಲ್ಲ ಬಂದರು. ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಕಾಲಿಗೆ ಬಿದ್ದು ಹೋದರು. ಪ್ರತಿ ಸಲ ಗೇಟು ಸದ್ದಾದಾಗ ನಾನು ಅವನೇ ಎಂದು ನೋಡುತ್ತಿದ್ದೆ. ಅವನು ಬರಲಿಲ್ಲ. ಫೋನ್ ಹಚ್ಚಿದೆ. ಎರಡು ಸಲ ರಿಂಗಾಯಿತು, ಮೂರನೆಯ ಸಲಕ್ಕೆ ಸ್ವಿಚ್ ಆಫ್ ಆಗಿತ್ತು.

ಮರುದಿನ ಬೆಳಿಗ್ಗೆ ಸಾಮಾನು ಸಾಗಿಸುವ ನಮ್ಮ ಸಣ್ಣ ಗಾಡಿಯಲ್ಲಿ ಅವರ ಹಳ್ಳಿಗೆ ಹೋದೆ. ಓಡಿಸಿದ್ದು ಆ ಹಿರಿಯ ಕೆಲಸಗಾರರೇ. ಮನೆಯಲ್ಲಿ ಅವನ ಹೆಂಡತಿ ಒಬ್ಬಳೇ ಇದ್ದಳು. ಕೂರಿಸಿದಳು, ನೀರು ಕೊಟ್ಟಳು, ಕಣ್ಣಿಗೆ ಕಣ್ಣು ಸೇರಿಸಲಿಲ್ಲ. ಜಗಲಿಯ ಮೇಲೆ ಕುಡಗೋಲು, ಕೊಡಲಿ, ಕುಂಟೆಯ ಕುಳ ಹೂವಿನ ಸಮೇತ ಹಾಗೆಯೇ ಇದ್ದವು. ನಡುವೆ ಉದ್ದನೆಯ ಜಾಗ ಖಾಲಿ. ಬಂದೂಕು ಎಲ್ಲಿ ಎಂದರೆ ಯಜಮಾನರು ಒಯ್ದಿದ್ದಾರೆ ಎಂದಳು. ಎಲ್ಲಿಗೆ ಎಂದರೆ ಗೊತ್ತಿಲ್ಲ. ನನ್ನನ್ನು ಬೇಗ ಕಳಿಸಬೇಕೆಂಬ ಅವಸರದಲ್ಲಿ ಇನ್ನೊಂದು ಮಾತು ಹೇಳಿದಳು.

“ನಾಳೆ ಹಾನಗಲ್ಲಿಗೆ ಬರ್ತಾರ್ರಿ. ನಮ್ಮ ನಾದಿನಿ ಸಹಿ ಮಾಡಾಕ ಒಪ್ಪ್ಯಾಳ. ರಜಿಸ್ಟ್ರಿ ಆಫೀಸಿನಾಗ ನಾಳಿನ ಪಾಳಿ ಸಿಕ್ಕೈತಿ.”

ನನಗೆ ಆಗ ಅನಿಸಿದ್ದು ಸಮಾಧಾನ. ಅಣ್ಣ-ತಂಗಿ ಒಂದಾದರು, ಹಬ್ಬಕ್ಕೆ ತವರಿಗೆ ಕರೆದಿರಬೇಕು, ಉಂಡು ತಿಂದು ಜಗಳ ಕರಗಿರಬೇಕು, ಆ ಖುಷಿಯಲ್ಲಿ ಬಂದೂಕು ಮರೆತಿದ್ದಾನೆ ಎಂದುಕೊಂಡೆ. ಗಾಡಿ ಹತ್ತಿ ಅದನ್ನೇ ಹೇಳಿದೆ. ಕೆಲಸಗಾರರು ಗೇರು ಹಾಕುತ್ತ, ಬೇಸಾಯದ ಸಾಮಾನೆಲ್ಲ ಜಗಲಿಯ ಮೇಲೇ ಇರುವಾಗ ಅದೊಂದೇ ಯಾಕೆ ಮನೆ ಬಿಟ್ಟಿತು ಎಂದು ಕೇಳಿದರು.

ಗಾಡಿಯಲ್ಲೇ ಕುಳಿತು ಫೋನು ಮಾಡತೊಡಗಿದೆ. ಹಿರೇಕೆರೂರಿನವರು, ಅಂಥವರು ಯಾರೂ ಬಂದಿಲ್ಲ ಎಂದರು. ಶಿಗ್ಗಾಂವಿಯವರಿಗೆ ಲೈಸನ್ಸ್ ನಂಬರು ಹೇಳಿದೆ. ಅವರು ತಕ್ಷಣ ಗುರುತು ಹಿಡಿದರು. ಮಹಾನವಮಿಯ ಹಿಂದಿನ ದಿನ ಸಂಜೆ ಬಂದಿದ್ದ, ಎಲ್‌ಜಿ ಕೇಳಿದ, ಫೋಟೋದಲ್ಲಿರುವುದು ನೀನಲ್ಲ ಎಂದು ವಾಪಸು ಕಳಿಸಿದೆ ಎಂದರು. ನನಗೊಂದು ಮಾತು ಹೇಳಬಾರದಿತ್ತೇ ಎಂದು ರೇಗಿದೆ. ಹಬ್ಬದ ಗಡಿಬಿಡಿ, ಮರೆತೆ ಎಂದರು. ಅವರನ್ನು ಬಯ್ಯುವ ಮುಖ ನನಗೆಲ್ಲಿತ್ತು? ನನ್ನ ಅಂಗಡಿಯಿಂದ ಬಂದೂಕು ಹಿಡಿದು ಇಳಿದವನು ನೇರ ಶಿಗ್ಗಾಂವಿಗೆ ಹೋಗಿದ್ದ. ಪೂಜೆಯ ಮಾತಿಗೆ ಎಲ್‌ಜಿ ಯಾಕೆ ಬೇಕು?

ಸವಣೂರಿನ ಅಂಗಡಿಯವರು ಮುಪ್ಪಿನವರು. ನಮ್ಮ ಮಾವನವರ ಗೆಳೆಯರು, ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಅವರಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಹತ್ತುವುದಿಲ್ಲ. ಗಾಡಿಯನ್ನು ಅತ್ತಲೇ ತಿರುಗಿಸಿದೆವು. ಮುಟ್ಟಿದಾಗ ಮಧ್ಯಾಹ್ನ. ಅವರು ಊಟಕ್ಕೆ ಏಳುವವರಿದ್ದರು. ನನ್ನ ಮುಖ ನೋಡಿ ಕೂತರು. ಕೇಳಿದೆ. ಅವರು ವಹಿ ತೆಗೆದು, ಕನ್ನಡಕ ಹಾಕಿ, ಬೆರಳಿಟ್ಟು ತೋರಿಸಿದರು. ಹನ್ನೆರಡು ಬೋರು, ಎಲ್‌ಜಿ, ಐದು.

“ಪುಸ್ತಕದಾಗ ನಿಮ್ಮ ಸಿಕ್ಕಾ ಇತ್ತು ಬೇಟಿ. ಅಪ್ಪಗ ಕಾಲ ನೋವೈತಿ, ನಾ ಬಂದೇನಿ ಅಂದ. ಡಬ್ಬಿ ಪೂರಾ ಹತ್ತು ತಗೋ ಅಂದೆ. ಬ್ಯಾಡ, ಐದ ಸಾಕು ಅಂದ.”

ಸತ್ತು ಎರಡು ತಿಂಗಳಾದ ಮನುಷ್ಯನ ಕಾಲು ನೋವು. ಆ ಪುಸ್ತಕ ಹಾವೇರಿಗೆ ಹೋಗಿದ್ದರೆ ಚಾಚಾ ಅದನ್ನು ನೋಡುತ್ತಲೇ ಇರಲಿಲ್ಲ. ನಮ್ಮ ಮನೆತನದ ಸಿಕ್ಕಾ ನೋಡಿ ಅವರು ಫೋಟೋ ನೋಡುವುದನ್ನೇ ಬಿಟ್ಟಿದ್ದರು. ಮೊದಲು ಬಂದೂಕು, ಆಮೇಲೆ ಎಲ್‌ಜಿ, ಆಮೇಲೆ ಸಹಿಗೆ ಒಪ್ಪದ ತಂಗಿ ಒಪ್ಪಿದ್ದು, ನಾಳೆ ರಜಿಸ್ಟ್ರಿ. ಬಾಯಿ ಬಿಟ್ಟು ಚಾಚಾರಿಗೆ ಎಲ್ಲ ಹೇಳಿದೆ. ಅವರು ವಹಿ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು.

ಸವಣೂರಿನ ಪೊಲೀಸ್ ಠಾಣೆ ಅಲ್ಲಿಂದ ಹತ್ತು ನಿಮಿಷದ ಹಾದಿ. ನಾನು ಹೋಗಲಿಲ್ಲ. ಚಾಚಾ ಬೇಡವೆಂದರು ಎಂದು ಈಗ ಹೇಳಿ ಕೈ ತೊಳೆದುಕೊಳ್ಳಬಹುದು. ಅವರು ಹೇಳಿದ್ದೂ ನಿಜ. ಒಂದು ದಿನ ನೋಡೋಣ, ಕೆಲಸ ಮುಗಿದ ಮೇಲೆ ತಂದು ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಠಾಣೆಗೆ ಹೋದರೆ ಇಬ್ಬರ ಅಂಗಡಿಗೂ ಬೀಗ, ಈ ವಯಸ್ಸಿನಲ್ಲಿ ಕೋರ್ಟು ಹತ್ತಿಸಬೇಡ ಎಂದು ಕೇಳಿಕೊಂಡರು. ಆದರೆ ನನ್ನ ಕಾಲು ಹಿಡಿದು ಯಾರೂ ಕಟ್ಟಿಹಾಕಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹೆಣ್ಣುಮಗಳಿಗೆ ಬಂದೂಕಿನ ಪರವಾನಗಿ ಯಾಕೆ ಎಂದು ಮೂಗು ಮುರಿದವರ ಎದುರು ಗಳಿಸಿಕೊಂಡದ್ದು ಹೋಗುತ್ತದೆಂಬ ಹೆದರಿಕೆ. ಚಿಕ್ಕೇರೂರಿಗೆ ಹೋಗಿ ಆ ತಂಗಿಯನ್ನು ಹುಡುಕಬಹುದಿತ್ತು, ಅದನ್ನೂ ಮಾಡಲಿಲ್ಲ. ನಾಳೆ ಬೆಳಿಗ್ಗೆ ಅವನೇ ಹಾನಗಲ್ಲಿಗೆ ಬರುತ್ತಾನಲ್ಲ, ಆಗ ಹಿಡಿದು ಕೇಳೋಣ ಎಂದು ನನಗೆ ನಾನೇ ಹೇಳಿಕೊಂಡು ಗಾಡಿ ಹತ್ತಿದೆ.

ಮರುದಿನ ಎಂದಿಗಿಂತ ಅರ್ಧ ತಾಸು ಮೊದಲೇ ಅಂಗಡಿ ತೆರೆದೆ. ರಜಿಸ್ಟ್ರಿ ಆಫೀಸು ನಮ್ಮ ಅಂಗಡಿಗೆ ದೂರವಲ್ಲ. ಅಲ್ಲಿಗೆ ಹೋಗಿ ನಿಲ್ಲಬೇಕೆಂದು ಎರಡು ಸಲ ಎದ್ದೆ, ಎರಡು ಸಲ ಗಿರಾಕಿ ಬಂದರು, ಎರಡು ಸಲ ಕೂತೆ. ಗಿರಾಕಿ ಬರಲೆಂದೇ ಕಾಯುತ್ತಿದ್ದೆನೇನೋ. ಅಳತೆ ತಪ್ಪಿ ಪೈಪು ಕೊಯ್ದೆ, ಒಬ್ಬರಿಗೆ ಕೊಡಬೇಕಾದ ನಟ್ಟು ಇನ್ನೊಬ್ಬರಿಗೆ ಕೊಟ್ಟೆ.

ಮಧ್ಯಾಹ್ನ ಒಂದರ ಸುಮಾರಿಗೆ ಅವನೇ ಬಂದ. ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನು ಕೌಂಟರಿನ ಮೇಲೆ ಮಲಗಿಸಿದ. ಪುಸ್ತಕ ಇಟ್ಟ. ಒಂದು ಸಣ್ಣ ಬಟ್ಟೆಯ ಗಂಟು ಬಿಚ್ಚಿ ಕಾಡತೂಸುಗಳನ್ನು ಒಂದೊಂದಾಗಿ ನಿಲ್ಲಿಸಿದ. ಐದೂ ಇದ್ದವು. ಪ್ರತಿಯೊಂದರ ಮೇಲೂ ಒಂದು ಕುಂಕುಮದ ಬೊಟ್ಟು. ಆಮೇಲೆ ಪೇಡೆಯ ಡಬ್ಬಿ ಮುಂದೆ ಮಾಡಿದ.

“ಒಂದೆರಡು ದಿನ ತಡ ಆತ್ರಿ, ತಪ್ಪು ತಿಳಕೋಬ್ಯಾಡ್ರಿ. ಕೆಲಸ ಆತು. ತಂಗಿ ಸಹಿ ಮಾಡಿದ್ಳು. ಅಪ್ಪನ ಬಂದೂಕ ನೋಡಿ ಆಕಿ ಮನಸ ಕರಗಿತ್ರಿ.”

ಕಾಡತೂಸು ಯಾಕೆ ಕೊಂಡೆ ಎಂದು ಕೇಳಿದೆ. ಬಂದೂಕಿನ ಪೂಜೆಗೆ ಕಾಡತೂಸೂ ಬೇಕಲ್ಲ, ಬರಿದು ಇಡಬಾರದಲ್ಲ ಎಂದು ಅದೇ ತಗ್ಗಿದ ದನಿಯಲ್ಲಿ ಹೇಳಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವಿರಲಿಲ್ಲ. ಹೊಲದ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸಿ ಬಂದವನ ನೆಮ್ಮದಿ ಇತ್ತು. ನಾನು ಪೇಡೆ ಮುಟ್ಟಲಿಲ್ಲ. ಡಬ್ಬಿಯನ್ನು ಕೌಂಟರಿನ ಮೇಲೇ ಬಿಟ್ಟು ಹೋದ.

ಅವನು ಹೋದ ಮೇಲೆ ಬಂದೂಕು ಮಡಚಿ ನಳಿಗೆಯೊಳಗೆ ನೋಡಿದೆ. ಸ್ವಚ್ಛ. ಹೊಡೆದ ವಾಸನೆ ಇರಲಿಲ್ಲ, ಮಸಿ ಇರಲಿಲ್ಲ. ಒಳಗಿಟ್ಟು ಬೀಗ ಹಾಕಿದರೆ ಎಲ್ಲ ಮೊದಲಿದ್ದ ಹಾಗೆ ಆಗುತ್ತಿತ್ತು. ಕ್ಯಾಲೆಂಡರಿನ ಪೆನ್ಸಿಲಿನ ಗುರುತು ಅಳಿಸಿದರೆ ಮುಗಿಯಿತು. ಐದು ಕಾಡತೂಸನ್ನು ಸವಣೂರಿಗೆ ಮುಟ್ಟಿಸಿದರೆ ಚಾಚಾ ತಮ್ಮ ವಹಿಯಲ್ಲಿ ವಾಪಸು ಬಂತೆಂದು ಬರೆದುಕೊಳ್ಳುತ್ತಾರೆ. ಪುಸ್ತಕವನ್ನು ನಾಳೆಯೇ ಹಾವೇರಿಗೆ ಒಪ್ಪಿಸಬಹುದು. ನಮ್ಮ ಪರವಾನಗಿಗೆ ಕೂದಲು ಕೊಂಕುವುದಿಲ್ಲ. ಕೈಯಲ್ಲಿ ಅಳಿಸುವ ರಬ್ಬರು ಹಿಡಿದುಕೊಂಡೇ ನಿಂತಿದ್ದೆ.

ಆ ಕುಂಕುಮದ ಬೊಟ್ಟುಗಳು ನನ್ನನ್ನು ಬಿಡಲಿಲ್ಲ. ಗಂಡಸಿನ ಬೆರಳು ಹಚ್ಚಿದ ಕುಂಕುಮ ಉದ್ದಕ್ಕೆ ಎಳೆದಂತಿರುತ್ತದೆ. ಇವು ದುಂಡಗೆ, ಅಚ್ಚುಕಟ್ಟಾಗಿ, ಹೆಣ್ಣುಮಕ್ಕಳು ಉಂಗುರ ಬೆರಳಿನಿಂದ ಇಡುವಂಥವು. ಅವುಗಳನ್ನು ಯಾರ ಕೈಯಲ್ಲಿ ಇಡಿಸಿದ್ದಾನೆಂದು ಯಾರೂ ಹೇಳಬೇಕಾಗಿರಲಿಲ್ಲ. ರಬ್ಬರು ಕೆಳಗಿಟ್ಟೆ. ಕ್ಯಾಲೆಂಡರು, ವಹಿ, ಪುಸ್ತಕ, ಕಾಡತೂಸು, ಬಂದೂಕು ಎಲ್ಲವನ್ನೂ ಗಾಡಿಯಲ್ಲಿಟ್ಟು ಠಾಣೆಗೆ ನಡೀರಿ ಎಂದೆ. ಕೆಲಸಗಾರರು ಅಂಗಡಿಯ ಶಟರು ಎಳೆದರು. ಹಬ್ಬದ ಮಾವಿನ ತೋರಣ ಅದರ ಸಂದಿಗೆ ಸಿಕ್ಕು ಹರಿಯಿತು.

ಠಾಣೆಯ ಅಧಿಕಾರಿ ನಾನು ಹೇಳಿದ್ದನ್ನು ಎರಡು ಸಲ ಕೇಳಿದರು. ನಿನ್ನೆ ಮಧ್ಯಾಹ್ನವೇ ಗೊತ್ತಿದ್ದದ್ದನ್ನು ಇವತ್ತು ಯಾಕೆ ಹೇಳುತ್ತೀರಿ ಎಂದು ಒಂದೇ ಪ್ರಶ್ನೆ ಹಾಕಿದರು. ಹೆದರಿದ್ದೆ ಎಂದು ಹೇಳಿದೆ, ಹಾಗೆಯೇ ಬರೆದುಕೊಂಡರು. ಅವನನ್ನು ಆ ಸಂಜೆಯೇ ಕರೆತಂದರು. ಲೈಸನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡದ್ದಕ್ಕೆ ಪ್ರಕರಣವಾಯಿತು, ಕೆಲವೇ ದಿನಗಳಲ್ಲಿ ಜಾಮೀನೂ ಆಯಿತು. ನನ್ನ ಮತ್ತು ಚಾಚಾರ ಪರವಾನಗಿ ಎರಡನ್ನೂ ಅಮಾನತಿನಲ್ಲಿ ಇಟ್ಟರು. ನನ್ನ ಹಿಂದಿನ ಕೋಣೆಯ ಕಬ್ಬಿಣದ ಬಾಗಿಲಿಗೆ ಅರಗಿನ ಮುದ್ರೆ ಬಿತ್ತು. ಚಾಚಾ ಆಮೇಲೆ ನನ್ನೊಡನೆ ಮಾತು ಬಿಟ್ಟರು. ಅವರ ಮನೆಯ ಮದುವೆಗೆ ನಮಗೆ ಕರೆಯೋಲೆ ಬರಲಿಲ್ಲ. ಅದು ನನ್ನನ್ನು ಮುದ್ರೆಗಿಂತ ಹೆಚ್ಚು ನೋಯಿಸಿತು.

ತಂಗಿಯನ್ನೂ ಕರೆಸಿ ಕೇಳಿದ್ದರಂತೆ. ಅಣ್ಣ ಹೆದರಿಸಿಲ್ಲ, ಮನಸಾರೆ ಹಕ್ಕು ಬಿಟ್ಟಿದ್ದೇನೆ ಎಂದು ಹೇಳಿಕೆ ಕೊಟ್ಟಳಂತೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು ಎಂದು ಅಧಿಕಾರಿ ನನಗೆ ಹೇಳಿದರು. ಗುಂಡು ಹಾರಿಲ್ಲ, ಗಾಯವಾಗಿಲ್ಲ, ಬೆದರಿಕೆಯ ದೂರಿಲ್ಲ.

ಒಂದು ವಾರ ಬಿಟ್ಟು ನಾನು ಚಿಕ್ಕೇರೂರಿಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಮನೆ ತೋರಿಸಿದರು. ಹಂಚಿನ ಸಣ್ಣ ಮನೆ. ಆಕೆ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಮೂವತ್ತೈದರ ಒಳಗಿನವಳು. ಪಡಸಾಲೆಯಲ್ಲಿ ಅತ್ತೆ ಮಲಗಿದ್ದರು. ನಾನು ಯಾರೆಂದು ಹೇಳಿದೆ. ಏಳಲಿಲ್ಲ, ಬಯ್ಯಲೂ ಇಲ್ಲ, ಎದುರಿನ ಮಣೆಯನ್ನು ನನ್ನತ್ತ ಸರಿಸಿದಳು. ನಡೆದದ್ದನ್ನು ಹೇಳು, ವಕೀಲರನ್ನು ಹಿಡಿಯೋಣ, ಹೆದರಿಸಿ ಹಾಕಿಸಿದ ಸಹಿ ನಿಲ್ಲುವುದಿಲ್ಲ, ನಾನೇ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳುತ್ತೇನೆ ಎಂದೆ. ಆಕೆ ಶೇಂಗಾ ಬಿಡಿಸುತ್ತಲೇ ಹೇಳಿದಳು.

“ಅವ ನನಗ ಒಂದು ಮಾತೂ ಅನ್ನಲಿಲ್ರಿ. ಹಬ್ಬಕ್ಕ ಬರ್ರಿ ಅಂತ ತಾನ ಬಂದು ಎಲ್ಲಾರನೂ ಕರಕೊಂಡು ಹೋದ. ಎಲಿ ಮ್ಯಾಲ ಐದು ಕಾಡತೂಸ ಸಾಲಾಗಿ ಇಟ್ಟಿದ್ದ. ತವರು ಮನಿ ಮಗಳು ನೀ, ಕುಂಕುಮ ಹಚ್ಚು ಅಂದ. ಹಚ್ಚಿದೆ. ಹಚ್ಚುವಾಗ ತಿಳೀತ್ರಿ ನನಗ. ನಾನು, ನಮ್ಮನಿಯವರು, ಅತ್ತಿ, ಎರಡು ಹುಡುಗ್ರು. ಆಮ್ಯಾಲ ಅವ ಊಟಕ್ಕ ಏಳ್ರಿ ಅಂದ. ಹೋಳಿಗಿ ಬಡಿಸಿದ.”

ಮರುದಿನ ಬನ್ನಿ ಕೊಡುವ ನೆಪದಲ್ಲಿ ಅವನು ಅವರನ್ನು ಬಿಡಲು ಚಿಕ್ಕೇರೂರಿಗೆ ಬಂದನಂತೆ. ಬಂದವನು ಹೋಗಲೇ ಇಲ್ಲ. ಈ ಅಂಗಳದ ಎದುರು ಗಾಡಿ ನಿಲ್ಲಿಸಿ, ಅದರಲ್ಲೇ ಕೂತು, ಹಾಯುವವರನ್ನೆಲ್ಲ ನಗುನಗುತ್ತ ಮಾತಾಡಿಸುತ್ತ ಎರಡು ದಿನ ಇದ್ದನಂತೆ. ಗೋಣಿಚೀಲ ಹಿಂದಿನ ಸೀಟಿನ ಮೇಲಿತ್ತು. ಮಕ್ಕಳು ಮಾಮಾ ಎನ್ನುತ್ತ ಗಾಡಿಯ ಸುತ್ತ ಆಡುತ್ತಿದ್ದವು. ಕರೆದರೂ ಒಳಗೆ ಬರುತ್ತಿರಲಿಲ್ಲ ಎಂದಳು.

ಕೋರ್ಟಿನ ಮಾತು ಬೇಡವೆಂದಳು. ಅವನು ಹೊರಗಿದ್ದಾನೆ, ಮಕ್ಕಳು ದಿನಾ ಶಾಲೆಗೆ ನಡೆದು ಹೋಗಬೇಕು, ಹೊಲ ಹೋದರೆ ಹೋಗಲಿ ಎಂದಳು. ನಾನು ಮತ್ತೆ ಒತ್ತಾಯಿಸಿದೆ. ಆಕೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಿ ಮೊದಲ ಸಲ ನನ್ನ ಮುಖ ನೋಡಿದಳು.

“ಕಾಡತೂಸ ಒಯ್ದದ್ದು ನಿಮಗ ಯಾವಾಗ ಗೊತ್ತಾತ್ರಿ?”

ಸುಳ್ಳು ಹೇಳಬಹುದಿತ್ತು. ಆದರೆ ಅದಕ್ಕಾಗಿ ಅಷ್ಟು ದೂರ ಹೋಗಿರಲಿಲ್ಲ. ರಜಿಸ್ಟ್ರಿಯ ಹಿಂದಿನ ದಿನ ಮಧ್ಯಾಹ್ನ, ಸವಣೂರಿನಲ್ಲಿ ಎಂದೆ.

ಆಕೆ ಕೈಯಲ್ಲಿದ್ದ ಶೇಂಗಾದ ಕಾಯಿ ಒಡೆದು, ಕಾಳು ಬುಟ್ಟಿಗೆ ಹಾಕಿ, ಸಿಪ್ಪೆ ಬದಿಗೆ ಸರಿಸಿದಳು.

“ಅವತ್ತ ಮಧ್ಯಾಹ್ನ ಸಂತಿಗೆ ಹೋಗ್ತೇನಿ ಅಂತ ಅಣ್ಣಗ ಸುಳ್ಳ ಹೇಳಿ ಹಿರೇಕೆರೂರಿಗೆ ಹೋಗಿದ್ದೆ. ವಕೀಲರ ಹತ್ರ ಕುಂತಿದ್ದೆ. ಬಂದೂಕ ಅವನ ಕೈಯಾಗ ಐತಿ ಅಂತ ಹೇಳವ್ರು ಹೊರಗಿನವರು ಒಬ್ರರ ಅದಾರನವಾ, ಇದ್ರ ಈಗಿಂದೀಗ ಠಾಣಾಕ್ಕ ಹೋಗೂಣು ಅಂದ್ರು ಅವರು.”

ಆಕೆ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

“ಯಾರೂ ಇಲ್ರಿ ಅಂತ ಹೇಳಿ ಎದ್ದು ಬಂದೆ,” ಎಂದಳು.